38ರಲ್ಲಿ ಒಬ್ಬರು

ಚಿತ್ತರಗಿ–ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಬಾಗಿಲಿಗೆ ಬಂದರೆ ಜೋಳವನ್ನೋ ಕಾಣಿಕೆಯನ್ನೋ ಹಾಕಿ ಕೈಮುಗಿಯುವುದು ಆ ಸೀಮೆಯ ರೂಢಿ. ಇವರು ಬೇಡಿದ್ದು ಜನರ ದುಶ್ಚಟಗಳನ್ನು. ಬೀಡಿ ಕಟ್ಟು, ತಂಬಾಕಿನ ಚೀಟಿ, ಗುಟ್ಕಾ ಪೊಟ್ಟಣ ಜೋಳಿಗೆಗೆ ಬೀಳುತ್ತಿದ್ದವು. ಹಾಕಿದವರು ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಎಲ್ಲರೂ ಮುಚ್ಚಿಡುವ ಚಟವನ್ನು ನಾಲ್ಕು ಜನರ ಎದುರಿಗೆ ಕೈಯಲ್ಲಿ ಹಿಡಿದು ತೋರಿಸುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಅದರ ಮರುದಿನ. ಜೋಳಿಗೆ ಮುಂದಿನ ಊರಿಗೆ ಹೋಗಿದೆ. ಕುಡಿತ ಬಿಡುತ್ತೇನೆಂದು ಮಾತು ಕೊಟ್ಟವನಿಗೆ ಬೆಳಗಿನ ಆರು ಗಂಟೆಗೆ ಎಚ್ಚರವಾಗುತ್ತದೆ. ಕೈ ನಡುಗುತ್ತಿದೆ, ಮೈ ಬೆವೆತಿದೆ, ಕಾಫಿ ಲೋಟ ತುಟಿಯವರೆಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿದೆ. ಈಗ ಅವನು ಎಲ್ಲಿಗೆ ಹೋಗಬೇಕು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ 2018ರಲ್ಲಿ ದೇಶದಾದ್ಯಂತ ಒಂದು ಸಮೀಕ್ಷೆ ನಡೆಸಿತು. 2019ರಲ್ಲಿ ವರದಿ ಹೊರಬಂದಿತು. ಎರಡು ಲಕ್ಷ ಮನೆಗಳಿಗೆ ಹೋಗಿ, 10ರಿಂದ 75 ವರ್ಷ ವಯಸ್ಸಿನ ನಾಲ್ಕೂ ಮುಕ್ಕಾಲು ಲಕ್ಷದಷ್ಟು ಜನರನ್ನು ಮಾತನಾಡಿಸಿ ಸಿದ್ಧಪಡಿಸಿದ ವರದಿ ಅದು. ಅದರ ಪ್ರಕಾರ ಭಾರತದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಇವರಲ್ಲಿ 5.7 ಕೋಟಿ ಜನರಿಗೆ ಕುಡಿತ ಆಗಲೇ ಹಾನಿ ಮಾಡಿದೆ ಅಥವಾ ಅವರು ಅದರ ದಾಸರಾಗಿದ್ದಾರೆ. ಭಂಗಿ, ಗಾಂಜಾ, ಚರಸ್ ಸೇವಿಸುವವರು 3.1 ಕೋಟಿ. ಅಫೀಮು, ಹೆರಾಯಿನ್ ಮತ್ತು ಅದೇ ಬಳಗದ ನೋವಿನ ಔಷಧಿಗಳನ್ನು ಬಳಸುವವರು ಎರಡೂಕಾಲು ಕೋಟಿ. ಇವರಲ್ಲಿ 77 ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕು.

ಈ ಅಂಕಿಗಳು ಭಾಷಣಗಳಲ್ಲಿ ಬೇಕಾದಷ್ಟು ಸಲ ಬಂದಿವೆ. ಅದೇ ವರದಿಯ ಇನ್ನೊಂದು ಸಾಲು ಅಷ್ಟಾಗಿ ಬಂದಿಲ್ಲ. ಮದ್ಯದ ದಾಸರಾದವರಲ್ಲಿ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಕುಡಿತದ ಕಾಯಿಲೆಯಿರುವವರಲ್ಲಿ ಶೇ 86ರಷ್ಟು ಜನ ಚಿಕಿತ್ಸೆಯ ಹೊರಗೇ ಇದ್ದಾರೆಂದು ಹೇಳಿತ್ತು. ಕ್ಷಯಕ್ಕೋ ಸಕ್ಕರೆ ಕಾಯಿಲೆಗೋ 38ರಲ್ಲಿ ಒಬ್ಬರಿಗೆ ಮಾತ್ರ ಔಷಧಿ ಸಿಗುತ್ತಿದ್ದರೆ ವಿಧಾನಸಭೆಯಲ್ಲಿ ಗದ್ದಲವಾಗುತ್ತಿತ್ತು. ಇಲ್ಲಿ ಉಳಿದ 37 ಮಂದಿ ಎಲ್ಲಿ ಹೋದರೆಂದು ಕೇಳಿದವರೇ ಕಡಿಮೆ.

ಮಾದಕ ವಸ್ತು ಎಂದೊಡನೆ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಪೊಟ್ಟಣಗಳು, ಹಿಂದೆ ನಿಂತ ಪೊಲೀಸ್ ಅಧಿಕಾರಿಗಳು. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ 37 ಕಿಲೊಗೂ ಹೆಚ್ಚು ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವನ್ನು ವಶಪಡಿಸಿಕೊಂಡರು. ಅದರ ಬೆಲೆ 75 ಕೋಟಿ ರೂಪಾಯಿ ಎಂದರು. ಅದೇ ವರ್ಷ ಮುಂಬೈ ಪೊಲೀಸರು ಮೈಸೂರಿಗೆ ಬಂದು ಮೆಫೆಡ್ರೋನ್ ಎಂಬ ಇನ್ನೊಂದು ರಾಸಾಯನಿಕ ಮಾದಕ ವಸ್ತು ತಯಾರಿಸುವ ಘಟಕವನ್ನೇ ಪತ್ತೆ ಹಚ್ಚಿದರು. ಅರ್ಧ ಗ್ರಾಂ ಎಂಡಿಎಂಎಯನ್ನು ಕಾನೂನು ಅಲ್ಪ ಪ್ರಮಾಣವೆಂದೂ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣವೆಂದೂ ಕರೆಯುತ್ತದೆ. ಆ ಲೆಕ್ಕದಲ್ಲಿ 37 ಕಿಲೊ ಎಷ್ಟು ಮಕ್ಕಳನ್ನು ಮುಟ್ಟಬಹುದಿತ್ತು ಎಂದು ಯೋಚಿಸಿದರೆ ಎದೆ ನಡುಗುತ್ತದೆ. ಆದರೆ ಸರಕು ಸಿಕ್ಕಿಬಿದ್ದ ಸುದ್ದಿಯಿಂದ ಅದನ್ನು ಸೇವಿಸುತ್ತಿರುವ ಹುಡುಗನ ಸ್ಥಿತಿ ಬದಲಾಗುವುದಿಲ್ಲ. ಪೂರೈಕೆ ನಿಂತ ವಾರ ಅವನು ಬೇರೆ ಪದಾರ್ಥ ಹುಡುಕುತ್ತಾನೆ. ಇನ್ನು ಸರಕಿನ ಸುದ್ದಿಯಲ್ಲಿ ಎಂದೂ ಕಾಣಿಸಿಕೊಳ್ಳದ, ಪರವಾನಗಿ ಇರುವ ಅಂಗಡಿಯಲ್ಲಿ ತೊಂಬತ್ತು ಎಂ.ಎಲ್.ನ ಪ್ಯಾಕೆಟ್‌ನಲ್ಲಿ ಮಾರಾಟವಾಗುವ ವಸ್ತುವೇ ಈ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಹಾಳುಮಾಡಿರುವುದು. ಅದಕ್ಕಾಗಿ ಈ ಲೇಖನದಲ್ಲಿ ಗಾಂಜಾ, ಗುಳಿಗೆಗಳ ಜೊತೆಗೆ ಮದ್ಯದ ಮಾತೂ ಬರುತ್ತದೆ. ಮಿದುಳಿಗೆ ಅಬಕಾರಿ ಇಲಾಖೆಯ ಪರವಾನಗಿ ಗೊತ್ತಾಗುವುದಿಲ್ಲ.

ಸೇವನೆ ಬೇರೆ, ವ್ಯಸನ ಬೇರೆ. ಈ ಗೆರೆಯನ್ನು ಎಳೆಯಲು ವೈದ್ಯರು ನೋಡುವ ಲಕ್ಷಣಗಳು ಆರು. ತಡೆಯಲಾಗದ ಸೆಳೆತ, ಎರಡು ಗುಟುಕಿಗೆ ನಿಲ್ಲಿಸುತ್ತೇನೆಂದು ಕೂತರೂ ನಿಲ್ಲಿಸಲಾಗದಿರುವುದು, ಬಿಟ್ಟರೆ ದೇಹ ತಿರುಗಿಬೀಳುವುದು, ಮೊದಲಿನಷ್ಟೇ ಅಮಲಿಗೆ ಮೊದಲಿಗಿಂತ ಹೆಚ್ಚು ಬೇಕಾಗುವುದು, ಕೆಲಸ, ಆಟ, ನೆಂಟರಿಷ್ಟರು ಎಲ್ಲ ಹಿಂದೆ ಸರಿದು ಅದೊಂದೇ ಮುಂದೆ ಉಳಿಯುವುದು, ಹಾನಿಯಾಗುತ್ತಿದೆಯೆಂದು ತಿಳಿದೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಕಾಯಿಲೆ. ಹಬ್ಬಕ್ಕೊಮ್ಮೆ ಕುಡಿಯುವವನು ಈ ಪಟ್ಟಿಗೆ ಸೇರದಿರಬಹುದು. ದಿನಕ್ಕೊಂದೇ ಕ್ವಾರ್ಟರ್ ಎಂದು ಹೇಳಿಕೊಂಡು ಬೆಳಿಗ್ಗೆ ಕಣ್ಣುಬಿಟ್ಟೊಡನೆ ಅದನ್ನೇ ಹುಡುಕುವ ಗುಮಾಸ್ತ ಖಂಡಿತ ಸೇರುತ್ತಾನೆ.

ಮಿದುಳಿನಲ್ಲಿ ನಡೆಯುವುದನ್ನು ಹೀಗೆ ತಿಳಿಯಬಹುದು. ಹಸಿದಾಗ ಉಂಡರೆ, ಬಹುದಿನದ ಗೆಳೆಯ ಸಿಕ್ಕಿದರೆ ಡೋಪಮಿನ್ ಎಂಬ ರಾಸಾಯನಿಕ ಸ್ವಲ್ಪ ಹೆಚ್ಚುತ್ತದೆ. ಇದನ್ನು ನೆನಪಿಟ್ಟುಕೋ, ಮತ್ತೆ ಮಾಡು ಎಂದು ಮಿದುಳಿಗೆ ಪಾಠ ಕಲಿಸುತ್ತದೆ. ಅಮಲು ಪದಾರ್ಥಗಳು ಈ ಪಾಠವನ್ನು ಎಷ್ಟೋ ಪಾಲು ಜೋರಾಗಿ, ಕಿವಿಗೇ ಬಾಯಿಟ್ಟು ಹೇಳಿದಂತೆ ಹೇಳುತ್ತವೆ. ದಿನವೂ ಹಾಗೆ ಕೂಗಿಸಿಕೊಂಡ ಮಿದುಳು ತನ್ನ ಕಿವಿಯನ್ನೇ ಮಂದ ಮಾಡಿಕೊಳ್ಳುತ್ತದೆ. ಆಮೇಲೆ ಮಗುವಿನ ನಗು, ಒಳ್ಳೆಯ ಊಟ, ಸಂಬಳ ಬಂದ ಖುಷಿ ಇವೆಲ್ಲ ಪಿಸುಮಾತಿನಂತೆ ಕೇಳಿಸದೇ ಹೋಗುತ್ತವೆ. ಸಂಸಾರದ ಮೇಲೆ ಪ್ರೀತಿಯೇ ಇಲ್ಲ ಎಂದು ಹೆಂಡತಿ ಅಳುವುದು ಇದೇ ಹಂತದಲ್ಲಿ. ತಡೆ ಹಾಕಬೇಕಾದ ಮುಂಭಾಗದ ಮಿದುಳು ಮನುಷ್ಯನಲ್ಲಿ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೈದಕ್ಕೇ ಶುರುಮಾಡಿದವರಲ್ಲಿ ಚಟ ಇಷ್ಟು ಆಳಕ್ಕೆ ಇಳಿಯುವುದು ಅದಕ್ಕೇ. ಇದು ತಿಳಿದ ಮೇಲೆ, ಮನಸ್ಸು ಮಾಡಿದರೆ ಬಿಡಬಹುದು ಎಂಬ ಮಾತನ್ನು ನಾವು ಸ್ವಲ್ಪ ತಡೆದು ಆಡಬೇಕು. ಕಾಯಿಲೆ ಹಿಡಿದಿರುವುದು ಮನಸ್ಸು ಮಾಡುವ ಅಂಗಕ್ಕೇ.

ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕುವ ಕಾಲ ಬಂದಾಗ ಎಷ್ಟೋ ಕುಡುಕರು ವ್ರತಕ್ಕಾಗಿ ಕುಡಿತವನ್ನು ದಿಢೀರನೆ ನಿಲ್ಲಿಸುತ್ತಾರೆ. ಮನೆಯವರಿಗೆ ಅದೊಂದು ನೆಮ್ಮದಿಯ ಕಾಲ. ಅನೇಕರಿಗೆ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರ ದೇಹ ಹಾಗೆ ಒಮ್ಮೆಲೇ ನಿಲ್ಲಿಸುವುದನ್ನು ತಾಳುವುದಿಲ್ಲ. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನನ್ನು ತಾನು ಬಿಗಿದುಕೊಂಡಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ಇಲ್ಲವಾದರೆ ಆ ಬಿಗಿತವೊಂದೇ ಉಳಿಯುತ್ತದೆ. ವೈದ್ಯರು ಇದನ್ನು ಹಿಂತೆಗೆತದ ಚಿಹ್ನೆಗಳು ಎನ್ನುತ್ತಾರೆ. ಆರೆಂಟು ಗಂಟೆಗಳಲ್ಲಿ ನಡುಕ, ಬೆವರು, ಓಕರಿಕೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೆಯ ದಿನಕ್ಕೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಗೋಡೆಯ ಮೇಲೆ ಹಾವು, ಹಾಸಿಗೆಯ ತುಂಬ ಹುಳು ಕಾಣುತ್ತವೆ. ಇಲ್ಲದ ದಾರವನ್ನು ಬೆರಳಿನಿಂದ ಎಳೆಯುತ್ತಾರೆ. ಹಗಲು ರಾತ್ರಿ ತಿಳಿಯುವುದಿಲ್ಲ. ದೆವ್ವ ಮೆಟ್ಟಿದೆ ಎಂದುಕೊಂಡು ಮಂತ್ರವಾದಿಯ ಬಳಿ ಒಯ್ದವರಿದ್ದಾರೆ. ಅಷ್ಟು ಹೊತ್ತಿಗೆ ಪ್ರಾಣ ಹೋಗಿರಲೂಬಹುದು.

ಇದನ್ನು ಇಡೀ ರಾಜ್ಯ ಒಮ್ಮೆ ಒಟ್ಟಿಗೆ ಕಂಡಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಮುಚ್ಚಿದವು. ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಭ್ರಮೆಯ ತೀವ್ರ ಸ್ಥಿತಿಯಲ್ಲಿ ಬರುವವರು ಹೆಚ್ಚಿದರು. ನಿಮ್ಹಾನ್ಸ್ ವೈದ್ಯರು ಅದನ್ನು ದಾಖಲಿಸಿದ್ದಾರೆ. ಮದ್ಯ ಸಿಗದ ಸಂಕಟದಲ್ಲಿ ಜೀವ ಕಳೆದುಕೊಂಡವರ ಸುದ್ದಿಗಳು ಜಿಲ್ಲೆ ಜಿಲ್ಲೆಯಿಂದ ಬಂದವು. ಮೇ 4ರಂದು ಅಂಗಡಿಗಳು ತೆರೆದವು. ಎರಡನೆಯ ದಿನ ಒಂದರಲ್ಲೇ ರಾಜ್ಯದಲ್ಲಿ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಸಾಲಿನಲ್ಲಿ ನಿಂತವರ ಚಿತ್ರ ನೋಡಿ ಊರೆಲ್ಲ ನಕ್ಕಿತು. ಆ ಸಾಲಿನಲ್ಲಿ ನಡುಗುವ ಕೈಗಳೂ ಇದ್ದವು. ನಲವತ್ತು ದಿನಗಳ ಕಾಲ ಅಷ್ಟು ಜನ ಮದ್ಯವಿಲ್ಲದೆ ಇದ್ದರು. ಅವರನ್ನು ಚಿಕಿತ್ಸೆಗೆ ಕರೆತರಲು ಅಂಥ ಅವಕಾಶ ಮತ್ತೆ ಸಿಗಲಾರದು. ಅದಕ್ಕೆ ಬೇಕಾದ ವ್ಯವಸ್ಥೆ ನಮ್ಮಲ್ಲಿರಲಿಲ್ಲ.

ನನಗೆ ಹೆಚ್ಚು ನೋವು ಕೊಡುವ ಸಂಗತಿಯೆಂದರೆ ಈ ಮೊದಲ ವಾರದ ಚಿಕಿತ್ಸೆ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ಮಿದುಳಿನ ಬಿಗಿತವನ್ನು ಮೆಲ್ಲಗೆ ಇಳಿಸಲು ಡಯಜೆಪಾಮ್ ಅಥವಾ ಲೋರಾಜೆಪಾಮ್, ವೈದ್ಯರ ಕಣ್ಣಳತೆಯಲ್ಲಿ, ದಿನದಿನಕ್ಕೆ ಕಡಿಮೆ ಮಾಡುತ್ತಾ. ಅದರೊಂದಿಗೆ ಥಯಮಿನ್, ಅಂದರೆ ಬಿ1 ಜೀವಸತ್ವ. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರಲ್ಲಿ ಇದು ಬರಿದಾಗಿರುತ್ತದೆ. ಸುಸ್ತಾಗಿದ್ದಾರೆಂದು ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಅಷ್ಟಿಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡವರಿದ್ದಾರೆ. ಗ್ಲೂಕೋಸ್ ಬಾಟಲಿ ಹಾಕಿಸುವುದೇ ಚಿಕಿತ್ಸೆ ಎಂದು ನಂಬಿರುವ ನಮ್ಮೂರುಗಳಲ್ಲಿ ಈ ಒಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು.

37 ಮಂದಿಯಲ್ಲಿ ಅನೇಕರು ಆಸ್ಪತ್ರೆಯ ಬದಲು ಬೇರೆ ಬಾಗಿಲಿಗೆ ಹೋಗುತ್ತಾರೆ. ರೋಗಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ ಎಂಬ ಜಾಹೀರಾತನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ, ಈಗ ಮೊಬೈಲ್‌ನಲ್ಲೂ ಎಲ್ಲರೂ ನೋಡಿದ್ದೇವೆ. ಗಂಡನ ಸಾರಿಗೆ, ಮಗನ ಕಾಫಿಗೆ ಬೆರೆಸುವ ಪುಡಿ. ದಾರಿ ಕಾಣದೆ ಅದನ್ನು ಕೊಳ್ಳುವ ಹೆಣ್ಣುಮಕ್ಕಳನ್ನು ನಾನು ದೂಷಿಸಲಾರೆ. ಆದರೆ ಅಪಾಯ ಏನೆಂದು ಹೇಳಲೇಬೇಕು. ಕುಡಿತ ಬಿಟ್ಟವರು ಮತ್ತೆ ಮುಟ್ಟದಂತೆ ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ಬಲವಿಲ್ಲದವರು ಸಾಯಲೂಬಹುದು. ಹಾಗಾಗಿ ಮಾತ್ರೆಯ ಬಗ್ಗೆ ಪೂರ್ತಿ ತಿಳಿಸಿ, ರೋಗಿಯ ಒಪ್ಪಿಗೆ ಪಡೆದು, ಪರೀಕ್ಷೆಗಳನ್ನು ಮಾಡಿಸಿ ಕೊಡುವುದು ವೈದ್ಯರ ಕ್ರಮ. ಹೆಸರಿಲ್ಲದ ಪುಡಿಯಲ್ಲಿ ಅಂಥದ್ದೇ ಏನಾದರೂ ಇದ್ದರೆ, ತಿಳಿಯದೆ ಸಂಜೆ ಕುಡಿದವನ ಗತಿ ಏನು? ಊಟದಲ್ಲಿ ಏನೋ ಬೆರೆಸುತ್ತಿದ್ದಾರೆಂದು ಒಮ್ಮೆ ಗೊತ್ತಾದರೆ ಮನೆಯ ಊಟದ ಮೇಲೆಯೇ ಅವನ ನಂಬಿಕೆ ಹೋಗುತ್ತದೆ. ಮುಂದೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇಕಾದುದು ಆ ನಂಬಿಕೆಯೇ.

ಇನ್ನೊಂದು ಬಾಗಿಲು ಕೂಡಿಹಾಕುವ ಕೇಂದ್ರಗಳದ್ದು. ಒಳ್ಳೆಯ ವ್ಯಸನಮುಕ್ತಿ ಕೇಂದ್ರಗಳು ರಾಜ್ಯದಲ್ಲಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಕೈಜೋಡಿಸಿ ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡವರೂ ಬಹಳ. ಆದರೆ ವೈದ್ಯರೂ ಇಲ್ಲದ, ನೋಂದಣಿಯೂ ಇಲ್ಲದ, ಬಾಡಿಗೆ ಮನೆಗೆ ಬೀಗ ಹಾಕಿ ಹೊಡೆದು ಬಡಿದು ಬಿಡಿಸುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಮಾನಸಿಕ ಕಾಯಿಲೆಯೆಂದೇ ಗುರುತಿಸುತ್ತದೆ. ಅಂದರೆ ಅವರನ್ನು ದಾಖಲಿಸಿಕೊಳ್ಳುವ ಸಂಸ್ಥೆ ನೋಂದಣಿಯಾಗಿರಬೇಕು. ಹಿಂಸೆಯಿಲ್ಲದ, ಘನತೆಯ ಚಿಕಿತ್ಸೆ ರೋಗಿಯ ಹಕ್ಕು. ಮಗನನ್ನು ಸೇರಿಸುವ ಮೊದಲು ತಂದೆ ತಾಯಿ ಎರಡು ಪ್ರಶ್ನೆ ಕೇಳಬೇಕು. ಮನೋವೈದ್ಯರು ಯಾವ ಯಾವ ದಿನ ಬರುತ್ತಾರೆ? ನಾವು ಬಂದು ಅವನನ್ನು ನೋಡಬಹುದೇ? ಎರಡನೆಯದಕ್ಕೆ ತಿಂಗಳುಗಟ್ಟಲೆ ಆಗುವುದಿಲ್ಲ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದು ಲೇಸು.

ಗಾಂಜಾ, ಎಂಡಿಎಂಎ, ಗುಳಿಗೆಗಳ ವಿಷಯದಲ್ಲಿ ಚಿಕಿತ್ಸೆಗೆ ಅಡ್ಡ ನಿಲ್ಲುವುದು ಪೊಲೀಸರ ಭಯ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಸೇವನೆಯೂ ಅಪರಾಧ. ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ, ಇತರವುಗಳಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ದಾಖಲಾಗುವ ಪ್ರಕರಣಗಳಲ್ಲಿ ಸೇವನೆಯದ್ದೂ ಸ್ವಂತ ಬಳಕೆಗೆ ಇಟ್ಟುಕೊಂಡದ್ದೂ ದೊಡ್ಡ ಪಾಲು. ಆದರೆ ಅದೇ ಕಾಯ್ದೆಯೊಳಗೆ 64ಎ ಎಂಬ ಕಲಮು ಇದೆ. ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಆರೋಪದಲ್ಲಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಕಾಲೇಜುಗಳ ಜಾಗೃತಿ ಕಾರ್ಯಕ್ರಮಗಳಲ್ಲಿ ಶಿಕ್ಷೆಯ ವರ್ಷಗಳನ್ನು ಎಣಿಸಿ ಹೇಳುತ್ತಾರೆ. 64ಎ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮಾರುವವನನ್ನು ಹಿಡಿಯಲು ಇರುವ ಕಾನೂನಿಗೆ ಹೆದರಿ, ಸೇದಿ ಬುದ್ಧಿ ಕಲಕಿದ ಹುಡುಗ ವೈದ್ಯರಿಗೂ ನಿಜ ಹೇಳದಿದ್ದರೆ ಅವನ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಗಾಂಜಾದಿಂದ ಏನೂ ಆಗುವುದಿಲ್ಲ, ಅದು ಗಿಡಮೂಲಿಕೆ ಎಂಬ ಮಾತು ಯುವಕರಲ್ಲಿ ಗಟ್ಟಿಯಾಗಿದೆ. ಸೇದಿದ ಎಲ್ಲರಿಗೂ ಹುಚ್ಚು ಹಿಡಿಯುತ್ತದೆ ಎನ್ನುವುದು ಸುಳ್ಳು. ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳು. ಹದಿಹರೆಯದಲ್ಲಿ ಶುರುಮಾಡಿದವರಲ್ಲಿ, ದಿನವೂ ಸೇದುವವರಲ್ಲಿ, ಮನೆತನದಲ್ಲಿ ಮನೋರೋಗ ಇರುವವರಲ್ಲಿ ತೀವ್ರ ಮನೋವಿಕಲತೆಯ ಅಪಾಯ ಹೆಚ್ಚು. ಅಮಲಿನ ಅಂಶ ಹೆಚ್ಚಿರುವಂತೆ ಬೆಳೆಸುವ ಈಗಿನ ಹೈಡ್ರೋ ಗಾಂಜಾವನ್ನು ಅಜ್ಜಂದಿರ ಕಾಲದ ಭಂಗಿಯೊಂದಿಗೆ ಹೋಲಿಸಲಾಗದು. ಪದವಿಯ ಎರಡನೆಯ ವರ್ಷದಲ್ಲಿ ಅಂಕ ಕುಸಿದು, ಕೋಣೆಯ ಬಾಗಿಲು ಹಾಕಿಕೊಂಡು, ಎಲ್ಲರೂ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆಂದು ಅನುಮಾನಿಸುವ ಮಗನನ್ನು ಪ್ರೇಮವೈಫಲ್ಯವೆಂದೋ ಸೋಮಾರಿತನವೆಂದೋ ತಿಳಿದು ವರ್ಷ ಕಳೆಯುವವರಿದ್ದಾರೆ. ಆ ಒಂದು ವರ್ಷ ತುಂಬ ದುಬಾರಿ.

ಔಷಧಿ ಅಂಗಡಿಯಿಂದ ಬರುವ ಚಟ ಇದಕ್ಕಿಂತ ಸದ್ದಿಲ್ಲದ್ದು. ನೋವು ನಿವಾರಕ ಟ್ರಮಡಾಲ್ ಅನ್ನು 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ತರಲಾಯಿತು. ಆ ಬಳಿಕ ಅದರದೇ ಬಳಗದ ಟಾಪೆಂಟಡಾಲ್‌ನತ್ತ ಬಳಕೆ ಹೊರಳಿತು. ಬೆಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ನರಕ್ಕೆ ಚುಚ್ಚಿಕೊಳ್ಳುವ ಯುವಕರಿದ್ದಾರೆ. ನುಂಗಲೆಂದು ಮಾಡಿದ ಮಾತ್ರೆಯಲ್ಲಿರುವ ಸುಣ್ಣದಂಥ ಪುಡಿ ರಕ್ತನಾಳಗಳನ್ನು ಕಟ್ಟಿಸುತ್ತದೆ, ಕೈಕಾಲು ಕೊಳೆಯುತ್ತವೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಏಮ್ಸ್ ವರದಿ ದೇಶದಲ್ಲಿ ಚುಚ್ಚಿಕೊಳ್ಳುವವರು ಎಂಟೂವರೆ ಲಕ್ಷ ಎಂದಿತ್ತು. ಈ ಬಳಗದ ಪದಾರ್ಥಗಳಿಗೆ ನಿಜವಾದ ಚಿಕಿತ್ಸೆ ಇದೆ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಸೆಳೆತವನ್ನೂ ಸಂಕಟವನ್ನೂ ಕಟ್ಟಿಹಾಕುತ್ತದೆ. ತೆಗೆದುಕೊಂಡವರು ಕೆಲಸಕ್ಕೆ ಹೋಗಬಹುದು, ಸಂಸಾರ ಮಾಡಬಹುದು, ಮಿತಿಮೀರಿ ಸೇವಿಸಿ ಸಾಯುವ ಅಪಾಯವೂ ಬಹಳ ಇಳಿಯುತ್ತದೆ. ಒಂದು ಚಟದ ಬದಲು ಇನ್ನೊಂದು ಚಟ ಕೊಟ್ಟಂತಾಯಿತಲ್ಲ ಎಂದು ಕೇಳುವವರಿದ್ದಾರೆ. ದಿನವೂ ಇನ್ಸುಲಿನ್ ತೆಗೆದುಕೊಳ್ಳುವವರನ್ನು ನಾವು ಇನ್ಸುಲಿನ್ ಚಟದವರು ಎನ್ನುವುದಿಲ್ಲ. ಪಂಜಾಬ್ 2017ರಿಂದ ಈ ಮಾತ್ರೆಗಾಗಿಯೇ ನೂರಾರು ಹೊರರೋಗಿ ಕೇಂದ್ರಗಳನ್ನು ತೆರೆದಿದೆ. ನಮ್ಮಲ್ಲಿ ಸಮಸ್ಯೆ ಪಂಜಾಬಿನಷ್ಟಾಗುವವರೆಗೆ ಕಾಯಬೇಕಾಗಿಲ್ಲ.

ಮಕ್ಕಳದ್ದು ಬೇರೆಯೇ ಲೋಕ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದೆಂದು ಏಮ್ಸ್ ಸಮೀಕ್ಷೆ ಗುರುತಿಸಿದ್ದು ವೈಟ್ನರ್, ಪಂಕ್ಚರ್ ಅಂಟು, ಪೆಟ್ರೋಲಿನಂಥವುಗಳ ವಾಸನೆ ಎಳೆಯುವ ಚಟವನ್ನು: ವಯಸ್ಕರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ರೈಲು ನಿಲ್ದಾಣದಲ್ಲಿ ಬಟ್ಟೆಯ ಚೂರನ್ನು ಮೂಗಿಗೆ ಒತ್ತಿಕೊಂಡು ಕೂತ ಹುಡುಗನಿಗೆ ಅದು ಹಸಿವನ್ನು ಮರೆಸುತ್ತದೆ. ಮಗುವಿಗೆ ಅಮಲು ಪದಾರ್ಥ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಆದರೆ ಹಸಿವಿಗೆ ಅನ್ನ, ಮಲಗಲು ಜಾಗ ಸಿಗದೆ ಈ ಹುಡುಗನಿಗೆ ಚಿಕಿತ್ಸೆ ಶುರುವಾಗುವುದೇ ಇಲ್ಲ.

ಕುಡಿಯುವವನಿಗೆ ಯಕೃತ್ತು ಬಾಯುತ್ತದೆ; ಪೆಟ್ಟು ಬೀಳುವುದು ಪಕ್ಕದಲ್ಲಿರುವವರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡ ಕುಡಿಯುವುದಿಲ್ಲ ಎಂದ ಹೆಂಗಸರ ಪೈಕಿ ಶೇ 23ರಷ್ಟು ಜನ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ಆಗಾಗ ಕುಡಿದು ಬರುತ್ತಾನೆ ಎಂದವರಲ್ಲಿ ಆ ಪ್ರಮಾಣ ಶೇ 70. ಮದುವೆ ಮಾಡಿದರೆ ಜವಾಬ್ದಾರಿ ಬಂದು ತಾನಾಗಿ ಬಿಡುತ್ತಾನೆ ಎಂದು ಕುಡುಕ ಮಗನಿಗೆ ಹೆಣ್ಣು ಹುಡುಕುವ ಹಿರಿಯರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸ್ವತಃ ವ್ಯಸನಕ್ಕೆ ಸಿಕ್ಕ ಹೆಂಗಸರಂತೂ ಎಣಿಕೆಗೇ ಸಿಗುವುದಿಲ್ಲ. ಗಂಡಸು ಕುಡಿದರೆ ಊರು ಬೈಯುತ್ತದೆ, ಹೆಂಗಸು ಕುಡಿದರೆ ಊರೇ ಬಿಡಿಸುತ್ತದೆ. ನಿದ್ದೆ ಮಾತ್ರೆಯ ಪಟ್ಟಿಯನ್ನು ಸೀರೆಗಳ ನಡುವೆ ಬಚ್ಚಿಡುವವಳಿಗೆ ವಾರ್ಡಿನಲ್ಲಿ ಹಾಸಿಗೆಯೂ ಕಡಿಮೆ, ಸೇರಿಸಲು ಬರುವವರೂ ಕಡಿಮೆ.

38ರಲ್ಲಿ ಆ ಒಬ್ಬನ ಕಥೆಗೆ ಬರೋಣ. ಅವನು ಆಸ್ಪತ್ರೆಗೆ ಬಂದ, ಮೂರು ವಾರ ಇದ್ದ, ಮೈ ತುಂಬಿಕೊಂಡು ಮನೆಗೆ ಹೋದ. ಎರಡು ತಿಂಗಳಿಗೆ ಮತ್ತೆ ಕುಡಿದ. ಇನ್ನು ಇವನ ಹಣೆಬರಹ ಇಷ್ಟೇ ಎಂದು ಮನೆಯವರು ಕೈಚೆಲ್ಲುವುದು ಆಗ. ಆದರೆ ಮರಳಿ ಬೀಳುವುದು ಈ ಕಾಯಿಲೆಯ ಸಹಜ ಸ್ವಭಾವ. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಜನ ಒಮ್ಮೆಯಾದರೂ ಮರಳಿ ಬೀಳುತ್ತಾರೆಂದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಲೆಕ್ಕ ಹಾಕಿದೆ. ರಕ್ತದೊತ್ತಡ, ಅಸ್ತಮಾಗಳಲ್ಲೂ ಮರುಕಳಿಸುವವರ ಪ್ರಮಾಣ ಇದಕ್ಕಿಂತ ಕಡಿಮೆಯೇನಿಲ್ಲ. ಬಿಪಿ ಏರಿದಾಗ ವೈದ್ಯರು ಮಾತ್ರೆ ಬದಲಿಸುತ್ತಾರೆ, ಮನೆಯಲ್ಲಿ ಯಾರೂ ಬೈಯುವುದಿಲ್ಲ. ಮಿದುಳಿಗೆ ಹಳೆಯ ಪಾಠ ಮರೆತಿರುವುದಿಲ್ಲ. ಸಂಬಳದ ದಿನ, ಬಾರಿನ ಮುಂದಿನ ತಿರುವು, ಹಳೆಯ ಜೊತೆಗಾರನ ದನಿ ಸಾಕು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ಆ ಸೆಳೆತವನ್ನು ತಗ್ಗಿಸುತ್ತವೆ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ, ಶುಲ್ಕವಿಲ್ಲ. ಹೆರಾಯಿನ್ ಬಳಗದ್ದಾದರೆ ಈ ಮರಳಿ ಬೀಳುವ ದಿನವೇ ಪ್ರಾಣಾಂತಿಕ: ಬಿಟ್ಟಿದ್ದ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದ, ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲಿ ಕಣ್ಣಿಡಬೇಕಾದ್ದು ಇದಕ್ಕಾಗಿ.

ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ರಮ್ಮಿಗೆ ಹೋದರು. ಪೂರ್ಣ ಪಾನನಿಷೇಧದ ಮಾತಿಗೆ ನಾನು ಹೋಗುವುದಿಲ್ಲ. ಕಳ್ಳಭಟ್ಟಿಯ ಸಾವುಗಳನ್ನು ಬೇರೆ ರಾಜ್ಯಗಳಲ್ಲಿ ನೋಡಿದ್ದೇವೆ. ನನ್ನ ಬೇಡಿಕೆ ಚಿಕ್ಕದು. ಆ ಆದಾಯದ ನೂರರಲ್ಲಿ ಒಂದು ಪಾಲನ್ನು ಕಾನೂನಿನಿಂದಲೇ ವ್ಯಸನ ಚಿಕಿತ್ಸೆಗೆ ಮೀಸಲಿಡಬೇಕು. ಅದೇ 300 ಕೋಟಿ ದಾಟುತ್ತದೆ. ದಾರಿಯನ್ನೂ ಹೊಸದಾಗಿ ಹುಡುಕಬೇಕಾಗಿಲ್ಲ. 1980ರ ದಶಕದ ನಡುವೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಗಳಿಗೆ ಊರಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಡಯಜೆಪಾಮ್, ಥಯಮಿನ್ ಮತ್ತು ತರಬೇತಾದ ಒಬ್ಬ ವೈದ್ಯ ಪ್ರತಿ ಆರೋಗ್ಯ ಕೇಂದ್ರದಲ್ಲಿದ್ದರೆ ಮೊದಲ ವಾರ ದಾಟಬಹುದು. ವಾರಕ್ಕೊಮ್ಮೆ ಮನೆಗೆ ಹೋಗಿ ಮಾತನಾಡಿಸುವ ಒಬ್ಬ ಆಪ್ತಸಮಾಲೋಚಕರಿದ್ದರೆ ಮೊದಲ ವರ್ಷ ದಾಟಬಹುದು.

ಅದೆಲ್ಲ ಆಗುವವರೆಗೂ ಇಂದು ಇರುವ ದಾರಿಗಳು ಇವು. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಈ ಚಿಕಿತ್ಸೆ ಸಿಗುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ; ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಮೊದಲೇ ಕೇಳಿಕೊಳ್ಳಿ. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮನಸ್‌ನ ಸಂಖ್ಯೆ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್ ಬಂದರೆ, ಮಾತು ತೊದಲಿ ದಿಕ್ಕು ತಪ್ಪಿದಂತಾದರೆ ಕರೆಗೂ ಕಾಯದೆ 108 ಆಂಬುಲೆನ್ಸ್ ತರಿಸಿ. ಸಹಾಯವಾಣಿಗೆ ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ. ಅವರು ಇನ್ನೂ ಒಪ್ಪದಿದ್ದರೂ ತಾಯಿ, ಹೆಂಡತಿ, ಅಕ್ಕ, ಮಗಳು ಯಾರು ಬೇಕಾದರೂ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.